ಹದಿನೇಳು ಮಂದಿ ನಿಂತ ಕುರಿದೊಡ್ಡಿ

ಮೂರನೇ ಸಲವೂ ಫೋನಿನ ಪರದೆಯ ಮೇಲೆ ಅದೇ ಕೆಂಪು ಸಾಲು ಬಂತು: "ಈ ಸ್ಥಳದಲ್ಲಿ ಈಗಾಗಲೇ ಫಲಾನುಭವಿಯ ನೋಂದಣಿ ಆಗಿದೆ."

ನಾನು ನಿಂತಿದ್ದದ್ದು ಊರಂಚಿನ ಬಂಡೆಯ ಬುಡದಲ್ಲಿ, ಒಂದು ಕುರಿದೊಡ್ಡಿಯ ಮುಂದೆ. ಮೂರು ಕಡೆ ನಿಲ್ಲಿಸಿದ ಕಲ್ಲುಚಪ್ಪಡಿ, ಮೇಲೆ ಅರ್ಧ ತಗಡು, ಇನ್ನರ್ಧ ನೀಲಿ ಟಾರ್ಪಾಲು. ಒಳಗೆ ಗೋಣಿಚೀಲ ಹೊಲಿದು ಮಾಡಿದ ಪರದೆ. ಪರದೆಯ ಆಚೆ ಕುರಿಗಳು. ಈಚೆ ಒಲೆ, ಎರಡು ಟ್ರಂಕು, ಸುತ್ತಿಟ್ಟ ಚಾಪೆ. ಆ ಈಚೆಯಲ್ಲಿ ಒಬ್ಬ ತಾಯಿ, ಗಂಡ ತೀರಿಹೋದ ಆಕೆಯ ಮಗಳು ಒಂಬತ್ತು ವರ್ಷಗಳಿಂದ ಬದುಕುತ್ತಿದ್ದರು. ಮಗಳು ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಕೂಲಿಗೆ ಹೋಗುತ್ತಿದ್ದಳು. ತಾಯಿ ಕುರಿ ಮೇಯಿಸುತ್ತಿದ್ದಳು.

ಬಂಡೆಯ ಪಕ್ಕ ಜಿಪಿಎಸ್ ತಪ್ಪು ತೋರಿಸುವುದುಂಟು. ಹಾಗಾಗಿ ಹುಣಸೆಮರದ ಕೆಳಗೆ ಬಂದು, ಪರದೆಯ ಮೇಲೆ ನಿಖರತೆ ನಾಲ್ಕು ಮೀಟರಿಗೆ ಇಳಿಯುವವರೆಗೆ ಕಾದು, ಮತ್ತೆ ಒತ್ತಿದೆ. ಅದೇ ಕೆಂಪು ಸಾಲು.

ತಾಯಿ ನನ್ನ ಮುಖ ನೋಡುತ್ತಿದ್ದಳು. "ಏನ್ ಕಣವ್ವ, ಇವತ್ತೂ ಆಗಾಕಿಲ್ವಾ?"

"ಇವತ್ತೂ ಅಂದ್ರೆ? ಮುಂಚೆ ಯಾರಾದ್ರೂ ಬಂದಿದ್ರಾ?"

"ಅಯ್ಯೋ, ಬೇಜಾನ್ ಜನ ಬಂದಿದ್ರು. ಒಬ್ಬೊಬ್ರೇ ಬಂದು ದೊಡ್ಡಿ ಮುಂದೆ ನಿಂತ್ಕಂಡು ಪೋಟೋ ಹಿಡಿಸ್ಕಂಡು ಹೋದ್ರು. ನಮ್ಗೆ ಮನೆ ಕೊಡಾಕೆ ಚೆಕ್ ಮಾಡ್ತಾವ್ರೆ ಅಂದ್ಕಂಡು ಎಲ್ರಿಗೂ ಮಜ್ಜಿಗೆ ಕೊಟ್ಟೆ. ಕುರಿ ಅಡ್ಡ ಬತ್ತವೆ ಅಂದ್ರು, ಒತ್ತರಿಸಿ ಹಿಡ್ಕಂಡೆ. ಒಬ್ಬಪ್ಪನ್ನ ಕೇಳ್ದೆ, ನಮ್ಗೆ ಯಾವಾಗ ಸ್ವಾಮಿ ಅಂತ. ಬತ್ತದೆ ಬತ್ತದೆ ಅಂದ್ಬುಟ್ಟು ಹೋದ."

ಹೀಗೆ ಶುರುವಾದದ್ದು ನನ್ನ ಕೆಲಸದ ಬದುಕಿನ ಅತ್ಯಂತ ಕೆಟ್ಟ ಎರಡು ತಿಂಗಳು.

ಊರು ರಾಮನಗರವೋ, ಚನ್ನಪಟ್ಟಣವೋ, ಕನಕಪುರವೋ, ಮಾಗಡಿಯೋ, ನಾನು ಬರೆಯುವುದಿಲ್ಲ. ಈ ನಾಲ್ಕರಲ್ಲಿ ಒಂದು. ಅಲ್ಲಿ ಇನ್ನೂ ಮನೆಗಾಗಿ ಕಾಯುತ್ತಿರುವವರಿದ್ದಾರೆ. ಊರಾಚೆಯ ಕಲ್ಲುಮಣ್ಣಿನ ಇಳಿಜಾರಿನಲ್ಲಿ ಸರ್ಕಾರದ ವಸತಿ ಯೋಜನೆಯ ಕಟ್ಟಡಗಳು ಎದ್ದಿದ್ದವು. ನೆಲಮಹಡಿ ಮತ್ತು ಅದರ ಮೇಲೆ ಮೂರು ಅಂತಸ್ತು, ಒಂದೊಂದು ಮನೆಗೆ ಒಂದು ಹಾಲ್, ಒಂದು ಕೋಣೆ, ಒಂದು ಅಡುಗೆಮನೆ. ಎಲ್ಲಿಯೂ ಸ್ವಂತ ಮನೆಯಿಲ್ಲದ, ಕಡಿಮೆ ಆದಾಯದ ಕುಟುಂಬಗಳಿಗೆ ಎಂದು ಬೋರ್ಡಿನಲ್ಲಿ ಬರೆದಿತ್ತು. ಅರ್ಜಿ ಹಾಕಿದವರ ಮನೆಮನೆಗೆ ಹೋಗಿ ಪರಿಶೀಲಿಸಲು ಒಂದು ಏಜೆನ್ಸಿಯ ಮೂಲಕ ನಮ್ಮನ್ನು ಗುತ್ತಿಗೆಗೆ ತೆಗೆದುಕೊಂಡಿದ್ದರು. ನಾವು ಆರು ಮಂದಿ ಸಮೀಕ್ಷಕರು.

ಕೆಲಸದ ಕ್ರಮ ಹೀಗೆ. ಅರ್ಜಿದಾರರ ರೇಷನ್ ಕಾರ್ಡು, ಆಧಾರ್, ವಾಸದ ದಾಖಲೆ ನೋಡಬೇಕು. ಕುಟುಂಬದ ಹೆಂಗಸಿನ ಹೆಸರಿನಲ್ಲಿ ಅರ್ಜಿ ತುಂಬಬೇಕು. ಬೆರಳಚ್ಚು ಒತ್ತಿಸಬೇಕು. ಅವರು ಈಗ ಇರುವ ಮನೆಯ ಮುಂದೆ ಕುಟುಂಬದ ಒಬ್ಬರನ್ನು ನಿಲ್ಲಿಸಿ ಫೋಟೋ ತೆಗೆಯಬೇಕು. ಫೋಟೋದ ಜೊತೆಗೇ ಆ ಜಾಗದ ಅಕ್ಷಾಂಶ, ರೇಖಾಂಶ ಆ್ಯಪಿನಲ್ಲಿ ತಾನಾಗಿ ದಾಖಲಾಗುತ್ತದೆ. ಆಮೇಲೆ ಇಪ್ಪತ್ತೆರಡು ಪ್ರಶ್ನೆ.

ಹದಿನಾಲ್ಕನೇ ಪ್ರಶ್ನೆ: ಈಗ ವಾಸವಿರುವ ಮನೆಯ ಚಾವಣಿ ಯಾವುದು? ಗುಡಿಸಲು, ಶೀಟು, ಹೆಂಚು, ಆರ್‌ಸಿಸಿ. ಆರ್‌ಸಿಸಿ ಎಂದು ಒತ್ತಿದರೆ ಮುಂದಿನ ಪುಟ ತೆರೆಯುವುದಿಲ್ಲ. "ಪಕ್ಕಾ ಮನೆ ಇದೆ, ಅನರ್ಹ" ಎಂದು ಬಂದು ಅರ್ಜಿ ಅಲ್ಲೇ ಮುಗಿಯುತ್ತದೆ. ಆ ಮನೆ ಯಾರದು ಎಂಬ ಪ್ರಶ್ನೆ ಇಪ್ಪತ್ತೆರಡರಲ್ಲಿ ಎಲ್ಲಿಯೂ ಇರಲಿಲ್ಲ.

ತರಬೇತಿಯ ದಿನವೇ ನಾನು ಎದ್ದು ನಿಂತು ಇದನ್ನು ಕೇಳಿದ್ದೆ. ಊರೊಳಗಿನ ಬಡವರು ಇರುವುದೇ ಬಾಡಿಗೆ ಕೋಣೆಗಳಲ್ಲಿ, ಅವುಗಳ ಮೇಲಿರುವುದು ಆರ್‌ಸಿಸಿ, ಅವರನ್ನು ಏನು ಮಾಡುವುದು ಎಂದು. ತರಬೇತಿ ಕೊಡುತ್ತಿದ್ದವರು, "ಕಣ್ಣಿಗೆ ಕಂಡದ್ದನ್ನ ತುಂಬಿ ಮೇಡಂ, ವ್ಯಾಖ್ಯಾನ ಮಾಡಬೇಡಿ" ಎಂದರು. ನಾನು ಕೂತೆ. ಕೂರಬಾರದಿತ್ತು.

ಮೊದಲ ಹಂತದಲ್ಲಿ ನಾನು ಹಾಗೆ ಅನರ್ಹಗೊಳಿಸಿದವರಲ್ಲಿ ಒಬ್ಬ ಹೆಂಗಸನ್ನು ಇಲ್ಲಿ ಹೇಳಲೇಬೇಕು. ಆಕೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಕೆಲಸದಾಕೆ. ಗಂಡ ಮರದ ಗೊಂಬೆಗೆ ಅರಗಿನ ಬಣ್ಣ ಹಿಡಿಸುತ್ತಿದ್ದವರು, ಉಸಿರಿನ ಕಾಯಿಲೆಯಾಗಿ ಮನೆ ಹಿಡಿದಿದ್ದರು. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಒಂದೇ ಕೋಣೆಯಲ್ಲಿ ಐದು ಜನ. ಕಿಟಕಿ ಇಲ್ಲ. ದಿನವಿಡೀ ಕುದಿಯುವ ನೀರಿನಲ್ಲಿ ಗೂಡು ಹಿಡಿದು ಹಿಡಿದು ಆಕೆಯ ಬೆರಳ ತುದಿಗಳು ಬಿಳುಚಿ ನುಣ್ಣಗಾಗಿದ್ದವು. ಹತ್ತು ಬೆರಳಲ್ಲಿ ಒಂದನ್ನೂ ಯಂತ್ರ ಓದಲಿಲ್ಲ. ಕೊನೆಗೆ ಕಣ್ಣಿನ ಗುರುತು ತೆಗೆಯುವ ಯಂತ್ರ ತರಿಸಿ, ಎರಡನೇ ಬಾರಿ ಹೋಗಿ, ಅರ್ಜಿ ತೆರೆದು, ಹದಿನಾಲ್ಕನೇ ಪ್ರಶ್ನೆಗೆ ಬಂದು, ಆರ್‌ಸಿಸಿ ಎಂದು ಒತ್ತಿದೆ.

"ಏನಾಯ್ತು ಮೇಡಂ?" ಎಂದಳು.

ಹೇಳಿದೆ.

ಆಕೆ ತಲೆ ಎತ್ತಿ ಕೋಣೆಯ ಚಾವಣಿ ನೋಡಿದಳು. ಮೆಟ್ಟಿಲಿನ ಅಡಿಭಾಗ ಅದು, ಓರೆಯಾಗಿ ತಲೆಗೆ ತಾಗುವಂತಿತ್ತು. "ಛತ್ತು ಓನರ್‌ದು ಮೇಡಂ. ಓನರ್ ಹೋಗು ಅಂದ್ರೆ ನಾಳೆ ಈ ಛತ್ತೂ ಇಲ್ಲ ನಮಗೆ. ಅದನ್ನ ಎಲ್ಲಾದ್ರೂ ಬರ್ಕೊಳ್ರಿ."

ಬರೆದುಕೊಳ್ಳಲು ಜಾಗವಿರಲಿಲ್ಲ. ನಾನು ಮುಂದಿನ ಮನೆಗೆ ಹೋದೆ.

ಇದೆಲ್ಲ ಆಗಿ ಕೆಲವು ತಿಂಗಳ ಮೇಲೆ ಎರಡನೇ ಹಂತ ಬಂತು. ಆ್ಯಪಿಗೆ ಹೊಸ ಸುಧಾರಣೆಯೊಂದನ್ನು ಸೇರಿಸಿದ್ದರು: ಒಂದೇ ಜಾಗದಲ್ಲಿ ಎರಡನೇ ಅರ್ಜಿ ಬಂದರೆ ಅದು ತಡೆಯುತ್ತದೆ. ಮೊದಲ ಹಂತದಲ್ಲಿ ಈ ತಡೆ ಇರಲಿಲ್ಲ. ಕುರಿದೊಡ್ಡಿಯ ಮುಂದೆ ನನಗೆ ಅಡ್ಡಬಂದದ್ದು ಅದೇ.

ಮಧ್ಯಾಹ್ನ ಕಚೇರಿಗೆ ಬಂದು ಡೇಟಾ ಆಪರೇಟರ್ ಮುಂದೆ ಕೂತೆ. ಆತ ನಲವತ್ತು ದಾಟಿದ ಮನುಷ್ಯ, ಮಾತು ಕಡಿಮೆ, ಗುತ್ತಿಗೆಯಲ್ಲೇ ಕೂದಲು ನರೆತವನು. ದೊಡ್ಡಿಯ ಅಕ್ಷಾಂಶ, ರೇಖಾಂಶ ಕೊಟ್ಟು ಇಲ್ಲಿ ಯಾರ ಹೆಸರಿದೆ ನೋಡಿ ಎಂದೆ. ಆತ ಟೈಪ್ ಮಾಡಿದ, ನೋಡಿದ, ಮತ್ತೆ ಟೈಪ್ ಮಾಡಿದ. ಆಮೇಲೆ ಎದ್ದು ಹೋಗಿ ಬಾಗಿಲು ಮುಂದಕ್ಕೆ ಹಾಕಿ ಬಂದ.

"ಹದಿನೇಳು ಐತೆ ಮೇಡಂ."

ಒಂದೊಂದಾಗಿ ತೆರೆದ. ಅದೇ ಚಪ್ಪಡಿ, ಅದೇ ನೀಲಿ ಟಾರ್ಪಾಲು. ಅದರ ಮುಂದೆ ಇಸ್ತ್ರಿ ಮಾಡಿದ ಬಿಳಿ ಷರ್ಟಿನವನೊಬ್ಬ, ಮೊಣಕೈಗೆ ಹೆಲ್ಮೆಟ್ಟು ಸಿಕ್ಕಿಸಿಕೊಂಡೇ ನಿಂತವನೊಬ್ಬ, ಯಾವುದೋ ಮದುವೆಗೆ ಹೊರಟಂತೆ ಜರಿಸೀರೆ ಉಟ್ಟ ಹೆಂಗಸೊಬ್ಬಳು. ಎಲ್ಲರೂ ಮನೆಯಿಲ್ಲದವರು. ಅಕ್ಷಾಂಶ, ರೇಖಾಂಶ ಐದನೇ ದಶಮಾಂಶದವರೆಗೆ ಒಂದೇ. ಕೆಲವು ಫೋಟೋಗಳ ಅಂಚಿನಲ್ಲಿ ಒಂದು ಕುರಿಯ ಕತ್ತು, ಅದನ್ನು ಹಿಡಿದ ಒಂದು ಕೈ, ಕೈಯಲ್ಲಿ ಸವೆದ ಹಸಿರು ಬಳೆ. ಆ ಮನೆಯಲ್ಲಿ ನಿಜವಾಗಿ ಇರುವಾಕೆ ಅಷ್ಟು ಮಾತ್ರ ಕಾಣುತ್ತಿದ್ದಳು.

ಹದಿನೇಳೂ "ಅರ್ಹ" ಆಗಿದ್ದವು. ಲಾಟರಿ ಎತ್ತುವ ಪಟ್ಟಿಯಲ್ಲಿ ಸೇರಿದ್ದವು. ಲಾಟರಿಗೆ ಇನ್ನು ಹದಿನೆಂಟು ದಿನ ಇತ್ತು.

"ಯಾರ ಲಾಗಿನ್‌ನಲ್ಲಿ ಬಂದಿವೆ?" ಎಂದೆ.

"ಎಲ್ಲಾರ್‌ದೂ ಪಾಸ್‌ವರ್ಡ್ ಒಂದೇ ಇತ್ತಲ್ಲ ಮೇಡಂ. ಯಾರ್ ಬೇಕಾದ್ರೂ ಹಾಕ್ಬೋದು." ಆಮೇಲೆ ಮೆಲ್ಲಗೆ, "ಆರು ನಿಮ್ದರಲ್ಲೇ ಐತೆ" ಎಂದ.

ಆ ಆರು ಅರ್ಜಿಗಳ ದಿನಾಂಕ ನೋಡಿದೆ. ಅದರಲ್ಲಿ ಮೂರು ನಾನು ಅತ್ತೆಯ ತಿಥಿಗೆಂದು ಗುಡೇಮಾರನಹಳ್ಳಿಯಲ್ಲಿದ್ದ ದಿನದವು. ಅದನ್ನು ನಂಬುವವರು ಯಾರು?

ಆತ ಇನ್ನೂ ಫೋಟೋ ಸರಿಸುತ್ತಿದ್ದ. ಹನ್ನೊಂದನೆಯದಕ್ಕೆ ಬಂದಾಗ ನಾನು ಅವನ ಕೈ ತಡೆದೆ. ದೊಡ್ಡಿಯ ಮುಂದೆ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ನೆಲ ನೋಡುತ್ತಾ ನಿಂತಿದ್ದವಳು ಆ ರೀಲಿಂಗ್ ಕೆಲಸದಾಕೆ.

ಮಾರನೆಯ ದಿನ ಯೋಜನೆ ನೋಡಿಕೊಳ್ಳುವ ಅಧಿಕಾರಿಯ ಬಳಿ ಹೋದೆ. ಅವರು ಪೂರ್ತಿ ಕೇಳಿಸಿಕೊಂಡರು. ಸಿಟ್ಟಾಗಲಿಲ್ಲ. ಆಶ್ಚರ್ಯವನ್ನೂ ಪಡಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ.

"ಇದು ಟೆಕ್ನಿಕಲ್ ಸಮಸ್ಯೆ ಅಮ್ಮ. ಆಕೇನ ಹತ್ತಡಿ ಆಚೆ ನಿಲ್ಲಿಸಿ ಫೋಟೋ ತಗೊಳ್ಳಿ, ಆ್ಯಪ್ ತಗೊಳತ್ತೆ."

"ಹತ್ತಡಿ ಆಚೆ ಆಕೆ ಮನೆ ಇಲ್ಲ ಸರ್."

"ನೋಡಿ, ಆಕೆಗೆ ಮನೆ ಆಗ್ಬೇಕು ಅಷ್ಟೇ ತಾನೆ ನಿಮಗೆ? ಮಾಡಿಸೋಣ. ಕೆಳಗಿನ ಮನೇನೇ ಕೊಡಿಸೋಣ. ಉಳಿದದ್ದು ಬಿಡಿ."

ಅವರು ಕುರ್ಚಿಗೆ ಒರಗಿದರು. "ಅದರಲ್ಲಿ ಆರು ನಿಮ್ಮ ಐಡಿ. ಕೇಸ್ ಅಂತ ಆದ್ರೆ ಮೊದಲು ಯಾರ್ ಮೇಲೆ ಆಗತ್ತೆ ಯೋಚನೆ ಮಾಡಿ."

ಸುಳ್ಳು ಹೇಳುವುದಿಲ್ಲ, ಎರಡು ದಿನ ಯೋಚನೆ ಮಾಡಿದೆ. ಒಪ್ಪಿಕೊಂಡರೆ ಆ ತಾಯಿ ಮಗಳಿಗೆ ಮನೆ ಸಿಗುತ್ತದೆ. ನಾನು ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನಿರಬೇಕು. ಬಸ್ಸಿನಲ್ಲಿ ಕೂತು ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಹಾಗೆ ಮಾಡಿದರೆ ಆಕೆಯ ದೊಡ್ಡಿ ಹದಿನೆಂಟನೇ ಸಲ ಬಳಕೆಯಾಗುತ್ತದೆ. ಈ ಸಲ ಆಕೆಯ ಹೆಸರಿನಲ್ಲಿ, ನನ್ನ ಬಾಯಿ ಮುಚ್ಚಲಿಕ್ಕೆ.

ಭಾನುವಾರ ಹದಿನೇಳು ವಿಳಾಸ ಬರೆದುಕೊಂಡು ಹೊರಟೆ. ಎರಡು ಭಾನುವಾರ, ಒಂದು ಸರ್ಕಾರಿ ರಜೆ ಹಿಡಿಯಿತು. ಹನ್ನೊಂದು ಮಂದಿಗೆ ಸ್ವಂತ ಮನೆ ಇತ್ತು. ಒಂದರ ಗೇಟಿನಲ್ಲಿ ಸಿಂಹದ ಮುಖ, ಮೇಲಿನ ಎರಡು ಮಹಡಿ ಬಾಡಿಗೆಗೆ. ಇನ್ನೊಂದರ ಒಡತಿ ಕಾಫಿ ಕೊಟ್ಟು ನಗುತ್ತಲೇ ಹೇಳಿದಳು: "ಎಲ್ರೂ ಹಾಕವ್ರೆ ಅಂತ ನಾವೂ ಹಾಕುದ್ವಿ. ಬಂದ್ರೆ ಬಾಡಿಗೆಗೆ ಬುಡಾನ ಅಂತ." ಆಕೆಗೆ ನಾಚಿಕೆಯೇ ಇರಲಿಲ್ಲ. ಯಾರದನ್ನೋ ಕಸಿಯುತ್ತಿದ್ದೇನೆ ಎಂಬ ಯೋಚನೆಯೇ ಆಕೆಗೆ ಬಂದಿರಲಿಲ್ಲ. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಪ್ರತಿ ಮನೆಯ ಮುಂದೆ ನಿಂತು ಫೋಟೋ ತೆಗೆದೆ, ಆಸ್ತಿ ತೆರಿಗೆಯ ವಹಿಯಲ್ಲಿ ಯಾರ ಹೆಸರಿಗೆ ಖಾತೆ ಇದೆ ಎಂದು ನೋಡಿ ಅದರ ಸಂಖ್ಯೆ ಬರೆದುಕೊಂಡೆ. ಇಬ್ಬರ ವಿಳಾಸ ಸಿಗಲೇ ಇಲ್ಲ.

ಉಳಿದ ನಾಲ್ವರು ಬಾಡಿಗೆಯವರು. ಒಬ್ಬ ದರ್ಜಿ, ಒಬ್ಬ ಹೋಟೆಲಿನಲ್ಲಿ ಪಾತ್ರೆ ತೊಳೆಯುವಾಕೆ, ಆಟೋ ಓಡಿಸುವವನ ಹೆಂಡತಿ, ಮತ್ತು ಆ ರೀಲಿಂಗ್ ಕೆಲಸದಾಕೆ. ನಾಲ್ವರಿಗೂ ಸ್ವಂತಕ್ಕೆ ಒಂದಿಟ್ಟಿಗೆಯೂ ಇಲ್ಲ. ನಾಲ್ವರೂ ಮೊದಲು ನ್ಯಾಯವಾಗಿ ಅರ್ಜಿ ಹಾಕಿ, ಹದಿನಾಲ್ಕನೇ ಪ್ರಶ್ನೆಯಲ್ಲಿ ಬಿದ್ದವರು. ಮೊದಲ ಮೂವರ ಮನೆಗೆ ಹೋದಾಗ ತಿಳಿಯಿತು, ವಾರ್ಡಿನ ಒಬ್ಬ ಮಧ್ಯವರ್ತಿ ಅವರಿಗೆ ಹೇಳಿದ್ದನಂತೆ: ನಿಮ್ಮ ಚಾವಣಿ ಪಾಸಾಗಲ್ಲ, ಪಾಸಾಗೋ ಚಾವಣಿ ನಾನು ತೋರಿಸ್ತೀನಿ ಬನ್ನಿ.

ನಾನು ವರದಿ ಕೊಟ್ಟರೆ ಹನ್ನೊಂದು ಕಳ್ಳರ ಜೊತೆಗೆ ಈ ನಾಲ್ವರೂ ಹೋಗುತ್ತಿದ್ದರು. ಈ ನಾಲ್ವರ ಹೆಸರು ಬಿಟ್ಟು ಬರೆದರೆ ನಾನೂ ಆ ಕಚೇರಿಯವರ ಹಾಗೆಯೇ, ಪಟ್ಟಿಯಲ್ಲಿ ಯಾರಿರಬೇಕು ಯಾರಿರಬಾರದು ಎಂದು ನನ್ನ ಮನಸ್ಸಿಗೆ ಬಂದಂತೆ ತೀರ್ಮಾನಿಸಿದಂತೆ. ಇದನ್ನು ರೀಲಿಂಗ್ ಕೆಲಸದಾಕೆಗೆ ಹೇಳದೆ ಮಾಡಲು ನನಗೆ ಧೈರ್ಯ ಬರಲಿಲ್ಲ. ಮೆಟ್ಟಿಲ ಕೆಳಗಿನ ಆ ಕೋಣೆಗೆ ಮೂರನೇ ಬಾರಿ ಹೋದೆ.

ನನ್ನನ್ನು ಕಂಡೊಡನೆ ಆಕೆಗೆ ಗೊತ್ತಾಯಿತು. ಒಳಗೆ ಗಂಡನ ಉಸಿರು ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಆಕೆ ಮಗಳನ್ನು ಹೊರಗೆ ಕಳಿಸಿ, ಬಾಗಿಲಲ್ಲಿ ಕೂತಳು.

"ಅಲ್ಲಿ ನಿಂತಾಗ ಆ ಅಮ್ಮ ನನಗೂ ಮಜ್ಜಿಗೆ ಕೊಟ್ರು ಮೇಡಂ. ನಾನು ಕುಡೀಲಿಲ್ಲ. ಹ್ಯಾಂಗ್ ಕುಡೀಲಿ? ಅವರ ಮನೆ ಕದಿಯಾಕೆ ನಿಂತಿದೀನಿ." ಆಮೇಲೆ ಧ್ವನಿ ಗಟ್ಟಿಯಾಯಿತು. "ಬರೀರಿ. ನನ್ನ ಹೆಸರೂ ಬರೀರಿ, ಮಾಫಿ ಬೇಡ. ಆದ್ರೆ ನಾನು ಅಲ್ಲಿ ಯಾಕ್ ನಿಂತೆ ಅನ್ನೋದೂ ಬರೀರಿ. ನನ್ನ ಛತ್ತಿಗೆ ಸುಳ್ಳು ಬರ್ದಿದ್ದು ಮೊದಲು ಯಾರು?"

ನಾನು. ಮೊದಲು ಬರೆದವಳು ನಾನು.

ಆ ಸಂಜೆಯೇ ವರದಿ ಬರೆಯಲು ಕೂತೆ. ನಾಲ್ಕು ಪುಟ. ಮೊದಲ ಎರಡರಲ್ಲಿ ಹದಿನೇಳು ಹೆಸರು, ಫೋಟೋ ಸಂಖ್ಯೆ, ಜಾಗದ ಅಂಕಿಗಳು, ನಾನು ಹೋಗಿ ಕಂಡದ್ದು, ಖಾತೆ ಸಂಖ್ಯೆ. ಮೂರನೆಯದರಲ್ಲಿ ಬಾಡಿಗೆಯ ನಾಲ್ವರ ವಿಷಯ ಮತ್ತು ಹದಿನಾಲ್ಕನೇ ಪ್ರಶ್ನೆ. ನಾಲ್ಕನೆಯದು ನನ್ನದೇ ತಪ್ಪೊಪ್ಪಿಗೆ: ತರಬೇತಿಯಲ್ಲಿ ಹೇಳಿದಂತೆ ನಾನು ಎಷ್ಟೋ ಬಾಡಿಗೆದಾರರನ್ನು ಮನೆ ಇರುವವರೆಂದು ದಾಖಲಿಸಿದ್ದೇನೆ, ಅದು ಸುಳ್ಳು ದಾಖಲೆ, ಅವರೆಲ್ಲರ ಮರುಪರಿಶೀಲನೆ ಆಗಬೇಕು. ನನ್ನ ಲಾಗಿನ್ನಿನ ಆರು ಅರ್ಜಿ ನಾನು ಹಾಕಿದ್ದಲ್ಲ, ಬೇಕಾದರೆ ತನಿಖೆ ಮಾಡಿ ಎಂದೂ ಸೇರಿಸಿದೆ.

ಕಚೇರಿಯಲ್ಲಿ ಕಾಗದ ಸ್ವೀಕರಿಸುವ ಗುಮಾಸ್ತೆ ಅದನ್ನು ಮುಟ್ಟಲೇ ಇಲ್ಲ. "ನಿಮ್ದು ತಗಬೇಡ ಅಂದವ್ರೆ ಮೇಡಂ. ನನ್ ಹೊಟ್ಟೆ ಮೇಲ್ ಹೊಡೀಬ್ಯಾಡಿ" ಎಂದಳು. ಅಂಚೆ ಕಚೇರಿಗೆ ನಡೆದು, ಸ್ವೀಕೃತಿ ಪತ್ರದ ಸಮೇತ ನೋಂದಾಯಿತ ಅಂಚೆಯಲ್ಲಿ ಎರಡು ಪ್ರತಿ ಕಳಿಸಿದೆ. ಒಂದು ಅದೇ ಕಚೇರಿಗೆ, ಇನ್ನೊಂದು ಜಿಲ್ಲೆಯ ಹಿರಿಯ ಅಧಿಕಾರಿಗೆ. ಐದು ದಿನ ಕಳೆದರೂ ಏನೂ ಆಗಲಿಲ್ಲ. ಲಾಟರಿಯ ಚೀಟಿ ಹಾಕಿ ತಿರುಗಿಸುವ ಡ್ರಮ್ಮು ತಂದಿರಿಸಿದ್ದಾರೆ ಎಂದು ಆಪರೇಟರ್ ಫೋನ್ ಮಾಡಿ ಹೇಳಿದ. ಲಾಟರಿಗೆ ಎರಡು ದಿನ ಮುಂಚೆ ರಾಮನಗರದಲ್ಲಿ ಸಾರ್ವಜನಿಕರ ಕುಂದುಕೊರತೆ ಸಭೆ ಇತ್ತು. ಉಳಿದಿದ್ದ ದಾರಿ ಅದೊಂದೇ.

ಕುರಿ ಸಾಕುವಾಕೆಯನ್ನು ಹೊರಡಿಸುವುದೇ ದೊಡ್ಡ ಕೆಲಸವಾಯಿತು. "ಕುರಿ ಯಾರ್ ನೋಡ್ತಾರೆ? ನಂಗೆ ದೊಡ್ಡೋರ್ ಮುಂದೆ ಮಾತಾಡಾಕೆ ಬತ್ತದಾ?" ಎಂದಳು. ಮಗಳು ಕೆಲಸಕ್ಕೆ ರಜೆ ಹಾಕಿ ಕುರಿಗಳ ಜೊತೆ ಉಳಿದಳು. ನಾವಿಬ್ಬರೂ ಬೆಳಗಿನ ಬಸ್ಸು ಹಿಡಿದು, ರೇಷ್ಮೆ ಗೂಡಿನ ಮಾರುಕಟ್ಟೆಯ ಹತ್ತಿರ ಇಳಿದು, ಗೂಡಿನ ಚೀಲ ಹೊತ್ತವರ ನಡುವೆ ದಾರಿ ಮಾಡಿಕೊಂಡು ಹೋದೆವು. ನಮ್ಮ ಟೋಕನ್ ಸಂಖ್ಯೆ ಅರವತ್ತೊಂದು. ಕರೆದಾಗ ಮಧ್ಯಾಹ್ನ ಎರಡೂವರೆ. ಆಕೆ ಬೆಳಗಿನಿಂದ ಏನೂ ತಿಂದಿರಲಿಲ್ಲ, ತಿನ್ನು ಎಂದರೆ "ಆಮೇಲೆ, ಆಮೇಲೆ" ಎನ್ನುತ್ತಿದ್ದಳು.

ವೇದಿಕೆಯ ಮೇಲೆ ಜಿಲ್ಲೆಯ ಆ ಹಿರಿಯ ಅಧಿಕಾರಿ, ಕೆಳಗೆ ಸಾಲಾಗಿ ಎಲ್ಲ ಊರಿನ ಅಧಿಕಾರಿಗಳು. ನಮ್ಮ ಯೋಜನೆಯ ಅಧಿಕಾರಿಯೂ ಇದ್ದರು. ನಾನು ಮಾತು ಶುರು ಮಾಡುವ ಮೊದಲೇ ಅವರು ಎದ್ದರು. "ಸರ್, ಈ ಮಹಿಳೆ ನಮ್ಮ ಡೇಟಾದಲ್ಲೇ ಇಲ್ಲ. ಅರ್ಜಿ ನೋಂದಣಿಯೇ ಆಗಿಲ್ಲ."

ಅದು ನಿಜ. ನೋಂದಣಿ ಆಗದಂತೆ ಮಾಡಿದವರ ಬಾಯಿಂದ ಆ ನಿಜ ಕೇಳಿ ನನಗೆ ಸಿಟ್ಟು ಉಕ್ಕಿತು. ವರದಿಯ ಇನ್ನೊಂದು ಪ್ರತಿಯನ್ನು ಹಿರಿಯ ಅಧಿಕಾರಿಯ ಮುಂದಿಟ್ಟು, ಅಕ್ಷಾಂಶ, ರೇಖಾಂಶ ಎಂದು ವಿವರಿಸಹೊರಟೆ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಿರಿಯ ಅಧಿಕಾರಿ ಗಡಿಯಾರ ನೋಡಿದರು.

ಆಗ ಪಕ್ಕದಲ್ಲಿ ಸೆರಗು ಬಿಗಿದುಕೊಂಡು ನಿಂತಿದ್ದ ಆಕೆ ಮೈಕಿಲ್ಲದೆ ಮಾತಾಡಿದಳು. ಕುರಿ ಕರೆದು ಅಭ್ಯಾಸವಿದ್ದ ಗಂಟಲು, ಸಭಾಂಗಣದ ಕೊನೆಯವರೆಗೂ ಕೇಳಿಸಿತು.

"ಸ್ವಾಮಿ, ಹದಿನೇಳ್ ಜನ ನಮ್ ದೊಡ್ಡಿ ಮುಂದೆ ನಿಂತು, ನಾನು ಬಡವ ಅಂತ ತೋರ್ಸಿ ಮನೆ ಬರಸ್ಕಂಡವ್ರೆ. ಹದಿನೇಳ್ ಜನಕ್ಕೆ ಸಾಲೋವಷ್ಟು ಬಡತನ ನನ್ ದೊಡ್ಡೀಲೈತೆ. ನನ್ ಒಬ್ಳಿಗೆ ಯಾಕ್ ಸ್ವಾಮಿ ಸಾಲ್ದು?"

ಹಿರಿಯ ಅಧಿಕಾರಿ ಪೆನ್ನು ಕೆಳಗಿಟ್ಟು, ಆ ಫೋಟೋಗಳನ್ನು ಈಗಲೇ ತೆರೆಯಿರಿ ಎಂದರು. ಯೋಜನೆಗಳ ಪ್ರಗತಿ ತೋರಿಸಲು ಹಾಕಿದ್ದ ದೊಡ್ಡ ಪರದೆಯಲ್ಲಿ ಒಂದೊಂದಾಗಿ ಬಂದವು. ಬಿಳಿ ಷರ್ಟು, ಹೆಲ್ಮೆಟ್ಟು, ಜರಿಸೀರೆ. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ಆಕೆ ನಗಲಿಲ್ಲ. ಪರದೆಯ ಹತ್ತಿರ ಹೋಗಿ ಫೋಟೋದ ಅಂಚನ್ನು ತೋರಿಸಿದಳು. "ಆ ಕೈ ನಂದೇ. ಕುರಿ ಹಿಡ್ಕಂಡಿರಾದು ನಾನೇ."

ಹನ್ನೊಂದನೇ ಫೋಟೋ ಬಂದಾಗ ನಾನು ಕೈ ಎತ್ತಿದೆ. "ಸರ್, ಈಕೆಯ ವಿಷಯ ಬೇರೆ. ಈಕೆಗೆ ನಿಜವಾಗಿ ಮನೆ ಇಲ್ಲ. ನನ್ನ ವರದಿಯ ಮೂರನೇ ಪುಟದಲ್ಲಿ ಬರೆದಿದ್ದೇನೆ."

ಅವರು ಪುಟ ತಿರುವಿದರು. ಓದಿದರು, ನಾನು ನೋಡಿದೆ, ಪೂರ್ತಿ ಓದಿದರು. "ಪ್ರಶ್ನೆ ಬದಲಾಯಿಸೋದು ನನ್ನ ಕೈಯಲ್ಲಿಲ್ಲಮ್ಮ. ಅದು ಪಾಲಿಸಿ" ಎಂದು, ಮುಂದಿನ ಫೋಟೋ ತೋರಿಸಲು ಹೇಳಿದರು.

ಲಾಟರಿ ಮುಂದಕ್ಕೆ ಹೋಯಿತು. ಹದಿನೇಳೂ ಅರ್ಜಿ ರದ್ದಾದವು. ರದ್ದತಿಯ ಆದೇಶ ನನ್ನ ಕೈಗೆ ಬಂದಾಗ ಮೂರು ಸಲ ಓದಿದೆ. ಕಾರಣ ಎಂಬಲ್ಲಿ "ತಾಂತ್ರಿಕ ದೋಷ" ಎಂದಿತ್ತು. ಮೋಸ ಎಂಬ ಪದ ಎಲ್ಲಿಯೂ ಇಲ್ಲ. ಸಿಂಹದ ಗೇಟಿನವರ ಮೇಲೆ ಒಂದು ನೋಟಿಸೂ ಇಲ್ಲ. ಮಧ್ಯವರ್ತಿ ಈಗಲೂ ಅದೇ ವಾರ್ಡಿನಲ್ಲಿ ಬೈಕಿನ ಮೇಲೆ ಕೂತು ಜನರ ಅರ್ಜಿ ತುಂಬಿಸುತ್ತಾನೆ. ನಮ್ಮ ಯೋಜನೆಯ ಅಧಿಕಾರಿಗೆ ವರ್ಗವಾಯಿತು, ಇದಕ್ಕಲ್ಲ, ಅವರ ಸರದಿ ಬಂದಿತ್ತು ಅಷ್ಟೇ. ತಿಂಗಳ ಕೊನೆಗೆ ನನ್ನ ಸೇವೆ ಇನ್ನು ಅಗತ್ಯವಿಲ್ಲ ಎಂದು ಏಜೆನ್ಸಿಯಿಂದ ಎರಡು ಸಾಲಿನ ಪತ್ರ ಬಂತು. ನನ್ನ ಲಾಗಿನ್ನಿನ ಆರು ಅರ್ಜಿಗಳ ವಿಚಾರಣೆ ಮಾತ್ರ ಇನ್ನೂ ನಡೆಯುತ್ತಿದೆ. ಇಡೀ ಪ್ರಕರಣದಲ್ಲಿ ವಿಚಾರಣೆಗೆ ಕರೆಸಿಕೊಂಡವಳು ನಾನೊಬ್ಬಳೇ.

ಕುರಿ ಸಾಕುವಾಕೆಯ ಅರ್ಜಿಯನ್ನು ಬೇರೊಬ್ಬ ಸಮೀಕ್ಷಕ ಹೋಗಿ ತುಂಬಿದ. ಲಾಟರಿಯಲ್ಲಿ ಎರಡನೇ ಮಹಡಿ ಬಂತು. ಮಗಳು ಅಲ್ಲಿ ಒಲೆ ಹೂಡಿದ್ದಾಳೆ. ತಾಯಿ ಬೆಳಿಗ್ಗೆ ಇಳಿದು ಕುರಿಗಳ ಹತ್ತಿರ ಹೋಗುತ್ತಾಳೆ, ಮೊಣಕಾಲು ಹಿಡಿದುಕೊಂಡು ಸಂಜೆ ಹತ್ತುತ್ತಾಳೆ. "ನೀರು ಮೇಲುಕ್ಕೆ ಬತ್ತದೆ ಕಣವ್ವ, ತಿರುಗುಸಿದ್ರೆ ಸಾಕು" ಎಂದು ನಲ್ಲಿ ತಿರುಗಿಸಿ ನನಗೆ ತೋರಿಸಿದಳು. ಅದನ್ನು ಕಂಡು ಸಂತೋಷವಾಯಿತು. ಆದರೆ ಮನೆ ಸಿಕ್ಕಿದ ಮೇಲೆ ದೊಡ್ಡಿಯ ಜಾಗ ಬಿಡಬೇಕು, ಅದು ಸರ್ಕಾರದ್ದು ಎಂದು ಈಗ ಹೇಳಿದ್ದಾರಂತೆ. ಕುರಿ ಎಲ್ಲಿ ಕಟ್ಟುವುದು ಎಂಬುದಕ್ಕೂ ಯಾವ ಫಾರಮ್ಮಿನಲ್ಲೂ ಪ್ರಶ್ನೆ ಇಲ್ಲ.

ಬಾಡಿಗೆಯ ನಾಲ್ವರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಯಿತು. ಮೂವರು ಕೈಬಿಟ್ಟರು. ರೀಲಿಂಗ್ ಕೆಲಸದಾಕೆ ಬಿಡಲಿಲ್ಲ. ಹಾಗಾಗಿ ನಾನೂ ಬಿಡಲಿಲ್ಲ. ಮನೆ ನನ್ನದು, ಇವರು ಬಾಡಿಗೆಗೆ ಇದ್ದಾರೆ ಎಂದು ಕಟ್ಟಡದ ಮಾಲೀಕನಿಂದ ಬರೆಸಿಕೊಳ್ಳಲು ಏಳು ವಾರ ಅಲೆದೆವು. ಎಲ್ಲಿ ಹಕ್ಕು ಕೇಳುತ್ತಾಳೋ ಎಂಬ ಹೆದರಿಕೆ ಅವನಿಗೆ. ಕೊನೆಗೆ ಬರೆದುಕೊಟ್ಟ. ಆಸ್ತಿ ವಹಿಯ ನಕಲು ತೆಗೆಸಿದೆವು. ಗಂಡನ ಆಸ್ಪತ್ರೆಯ ಚೀಟಿ ಸೇರಿಸಿ, ನೆಲಮಹಡಿಯೇ ಬೇಕು ಎಂದು ಕಾರಣ ಬರೆದೆವು. ಎಲ್ಲವನ್ನೂ ಮೇಲ್ಮನವಿಯಾಗಿ ಹೊಲಿದು, ಹೋದ ವಾರ ಇಬ್ಬರೂ ಕಚೇರಿಗೆ ಹೋದೆವು.

ಕಿಟಕಿಯಲ್ಲಿ ಹೊಸ ಗುಮಾಸ್ತ. ಕಾಗದ ತಿರುವಿ, ಆರ್‌ಸಿಸಿ ಎಂಬ ಹಳೆಯ ನಮೂದಿನ ಮೇಲೆ ಬೆರಳಿಟ್ಟ. "ಇದು ರಿಜೆಕ್ಟ್ ಆಗಿರೋ ಕೇಸು ಕಣಮ್ಮ. ಪರಿಶೀಲನೆ ಮಾಡಿದೋರು ಪಕ್ಕಾ ಮನೆ ಐತೆ ಅಂತ ಬರ್ದವ್ರೆ. ಅವ್ರೇ ತಪ್ಪು ಅಂತ ಹೇಳ್ಬೇಕು, ನೀವ್ ಹೇಳುದ್ರೆ ಆಗಾಕಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ನೀವ್ ಯಾರು? ಇವರ್ಗೆ ಏನಾಗ್ಬೇಕು?"

ರೀಲಿಂಗ್ ಕೆಲಸದಾಕೆ ನನ್ನ ಮುಖ ನೋಡಿದಳು.

"ಇವರ ಅರ್ಜಿ ರಿಜೆಕ್ಟ್ ಮಾಡಿದವಳು ನಾನೇ" ಎಂದೆ. "ತಪ್ಪು ಅಂತ ಹೇಳಕ್ಕೆ ಬಂದಿದೀನಿ. ಎಲ್ಲಿ ಸಹಿ ಹಾಕ್ಬೇಕು ತೋರಿಸಿ."